ಬ್ರಿಟನ್ನಿನ ಮನೆವಾರ್ತೆ: ಯುದ್ಧಾನಂತರದ ಕುಟುಂಬ ಮತ್ತು ರಾಷ್ಟ್ರದ ಗುರುತು

1947ರ ಏಪ್ರಿಲ್ 21ರಂದು, ತಮ್ಮ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ, ರಾಜಕುಮಾರಿ ಎಲಿಜಬೆತ್ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಿಂದ ರೇಡಿಯೊದಲ್ಲಿ ಮಾತನಾಡಿದರು. ತಮ್ಮ ಆಯುಷ್ಯ ದೀರ್ಘವಾಗಿರಲಿ, ಅಲ್ಪವಾಗಿರಲಿ, ಅದಷ್ಟೂ ಜನರ ಸೇವೆಗೆ ಮತ್ತು ತಾವೆಲ್ಲರೂ ಸೇರಿದ ಮಹಾ ಸಾಮ್ರಾಜ್ಯ ಕುಟುಂಬದ ಸೇವೆಗೆ ಮೀಸಲು ಎಂದು ಅವರು ಪ್ರತಿಜ್ಞೆ ಮಾಡಿದರು. ಅದಾದ ನಾಲ್ಕು ತಿಂಗಳೊಳಗೆ ಭಾರತ ಮತ್ತು ಪಾಕಿಸ್ತಾನ ಸ್ವತಂತ್ರವಾದವು. ಮುಂದಿನ ವರ್ಷ ಬರ್ಮಾ, ಸಿಲೋನ್‌ಗಳೂ ಕೈತಪ್ಪಿದವು. ಸಾಮ್ರಾಜ್ಯ ಕರಗುತ್ತ ಹೋದರೂ ಕುಟುಂಬದ ಮಾತು ಬ್ರಿಟನ್ನಿನ ಸಾರ್ವಜನಿಕ ಬದುಕಿನಲ್ಲಿ ಹಾಗೆಯೇ ಉಳಿಯಿತು, ಇನ್ನಷ್ಟು ಗಟ್ಟಿಯೂ ಆಯಿತು. ಆ ಕುಟುಂಬದೊಳಗೆ ಯಾರು ಯಾರು ಸೇರಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಮಾತ್ರ ಬದಲಾಗುತ್ತ ಬಂತು.

ಈ ಬದಲಾವಣೆಯನ್ನು ನಾವು ಸಾಮಾನ್ಯವಾಗಿ ಸೂಯೆಜ್ ಬಿಕ್ಕಟ್ಟು, ವಸಾಹತುಗಳ ವಿಮೋಚನೆ, ಯುರೋಪಿನೊಡನೆ ಒಪ್ಪಂದ ಎಂಬ ದೊಡ್ಡ ಘಟನೆಗಳಲ್ಲಿ ಹುಡುಕುತ್ತೇವೆ. ನನಗನ್ನಿಸುವಂತೆ ಅದನ್ನು ಇನ್ನೂ ಸ್ಪಷ್ಟವಾಗಿ ಕಾಣಬಹುದಾದದ್ದು ಆ ದೇಶದ ಮನೆವಾರ್ತೆಯ ಕಾನೂನುಗಳಲ್ಲಿ. ಯಾವ ತಾಯಿಗೆ ಭತ್ಯೆ, ಯಾವ ಮಗುವಿಗೆ ಹಾಲು, ಯಾವ ಸಂಸಾರಕ್ಕೆ ಮನೆ, ಯಾರ ಹೆಂಡತಿ ಒಳಗೆ ಬರಬಹುದು, ಯಾರ ಅಜ್ಜ ಎಲ್ಲಿ ಹುಟ್ಟಿರಬೇಕು ಎಂಬ ಸಣ್ಣಪುಟ್ಟವೆಂದು ತೋರುವ ನಿಯಮಗಳ ಮೂಲಕವೇ 1945ರ ನಂತರದ ಬ್ರಿಟನ್ ತನ್ನವರು ಯಾರು ಎಂದು ತೀರ್ಮಾನಿಸಿಕೊಂಡಿತು. ಸಂಸಾರಗಳನ್ನು ಕೈಹಿಡಿದು ನಡೆಸಿದ ಕಲ್ಯಾಣ ರಾಜ್ಯವೂ ಸಂಸಾರಗಳನ್ನು ಗಡಿಯಲ್ಲಿ ತಡೆದು ನಿಲ್ಲಿಸಿದ ರಾಜ್ಯವೂ ಒಂದೇ ಆಗಿದ್ದವು. ಎರಡನ್ನೂ ಒಟ್ಟಿಗೆ ಓದದೆ ಆ ಕಾಲ ಅರ್ಥವಾಗುವುದಿಲ್ಲ.

ಕಲ್ಯಾಣ ರಾಜ್ಯದ ನಕ್ಷೆ ಬರೆದ ವಿಲಿಯಂ ಬೆವರಿಜ್ ಹುಟ್ಟಿದ್ದು 1879ರಲ್ಲಿ ಬಂಗಾಳದ ರಂಗ್‌ಪುರದಲ್ಲಿ. ಅವರ ತಂದೆ ಇಂಡಿಯನ್ ಸಿವಿಲ್ ಸರ್ವಿಸ್ ಅಧಿಕಾರಿ. ಯುದ್ಧದ ನಡುವೆ, 1942ರ ಡಿಸೆಂಬರಿನಲ್ಲಿ ಪ್ರಕಟವಾದ ಅವರ ವರದಿ ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ದೈತ್ಯರನ್ನು ಹೆಸರಿಸಿತು. ಸರಕಾರಿ ವರದಿಯೊಂದನ್ನು ಕೊಳ್ಳಲು ಜನ ಸಾಲುಗಟ್ಟಿ ನಿಂತದ್ದು ಅಪರೂಪದ ಸಂಗತಿ. ಆದರೆ ಅದೇ ವರದಿಯಲ್ಲಿ ಕಡಿಮೆ ಚರ್ಚೆಯಾದ ಒಂದು ವಾಕ್ಯವಿದೆ. ಮುಂದಿನ ಮೂವತ್ತು ವರ್ಷಗಳಲ್ಲಿ ಬ್ರಿಟಿಷ್ ಜನಾಂಗವೂ ಬ್ರಿಟಿಷ್ ಆದರ್ಶಗಳೂ ಜಗತ್ತಿನಲ್ಲಿ ಸಾಕಷ್ಟು ಮುಂದುವರಿಯುವಂತೆ ನೋಡಿಕೊಳ್ಳುವ ಮಹತ್ವದ ಕೆಲಸ ತಾಯಂದಿರಾದ ಗೃಹಿಣಿಯರದ್ದು ಎಂದು ಬೆವರಿಜ್ ಬರೆದರು. ಜನಾಂಗವೆಂಬ ಮಾತನ್ನು ಅಂದಿನ ಇಂಗ್ಲೆಂಡಿನ ಸಭ್ಯರು ಸಲೀಸಾಗಿ ಬಳಸುತ್ತಿದ್ದರು ಎಂಬುದು ನಿಜ. ಆದರೂ ಮಗು ಹೆರುವುದು, ಸಾಕುವುದು ದೇಶಸೇವೆ, ಹೆಂಡತಿ ಗಂಡನ ದುಡಿಮೆಯ ಆಸರೆಯಲ್ಲಿ ಇರುವವಳು, ಆದ್ದರಿಂದ ಅವಳ ವಿಮೆಯೂ ಅವನ ಮೂಲಕವೇ ಬರತಕ್ಕದ್ದು ಎಂಬ ತರ್ಕದ ಮೇಲೆ ಇಡೀ ವ್ಯವಸ್ಥೆ ನಿಂತಿತು. ಸಂಸಾರ, ಜನಾಂಗ, ದೇಶ ಈ ಮೂರನ್ನೂ ಒಂದೇ ಎಳೆಯಲ್ಲಿ ಪೋಣಿಸಿದ ಆ ವಾಕ್ಯದ ಫಲಗಳು ಮುಂದೆ ನಾಲ್ಕು ದಶಕ ಕಾಣಿಸಿಕೊಂಡವು.

ಕುಟುಂಬ ಭತ್ಯೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಂಸತ್ ಸದಸ್ಯೆ ಎಲೀನರ್ ರಾತ್‌ಬೋನ್ ಎರಡು ದಶಕಗಳಿಗೂ ಹೆಚ್ಚು ಕಾಲ ಇದಕ್ಕಾಗಿ ಹೋರಾಡಿದ್ದರು. ಗಂಡನ ಸಂಬಳ ಮನೆಯಲ್ಲಿ ಎಷ್ಟು ಬಾಯಿಗಳಿವೆ ಎಂದು ನೋಡಿ ಬರುವುದಿಲ್ಲ, ಆದ್ದರಿಂದ ಮಕ್ಕಳ ಹೆಸರಿನಲ್ಲಿ ತಾಯಿಯ ಕೈಗೆ ನೇರವಾಗಿ ಹಣ ಸಲ್ಲಬೇಕು ಎಂಬುದು ಅವರ ವಾದ. 1945ರಲ್ಲಿ ಮಸೂದೆ ಬಂದಾಗ ಅದು ಹಣವನ್ನು ತಂದೆಯ ಹಕ್ಕೆಂದು ಬರೆದಿತ್ತು. ರಾತ್‌ಬೋನ್ ಮತ್ತು ಅವರ ಜೊತೆಗಾರ್ತಿಯರು ಹಟಹಿಡಿದು ನಿಂತದ್ದರಿಂದ ಅದು ತಾಯಿಯ ಹಕ್ಕಾಯಿತು. 1946ರ ಆಗಸ್ಟ್ 6ರ ಮಂಗಳವಾರ ಮೊದಲ ಪಾವತಿ. ಹೆಂಗಸರು ಭತ್ಯೆಯ ಪುಸ್ತಕ ಹಿಡಿದು ಅಂಚೆ ಕಚೇರಿಯ ಕೌಂಟರಿನ ಮುಂದೆ ನಿಂತರು. ಗುಮಾಸ್ತ ಒಂದು ಹಾಳೆಗೆ ಮುದ್ರೆ ಒತ್ತಿ, ಹರಿದುಕೊಂಡು, ಎರಡನೆಯ ಮಗುವಿನಿಂದ ಆಚೆಗೆ ಪ್ರತಿ ಮಗುವಿಗೆ ವಾರಕ್ಕೆ ಐದು ಶಿಲಿಂಗ್ ಎಣಿಸಿ ಕೊಟ್ಟ. ಮೊದಲ ಮಗುವಿಗೆ ಏನೂ ಇರಲಿಲ್ಲ. ಆದರೂ ಗಂಡನನ್ನು ಕೇಳದೆ ಖರ್ಚು ಮಾಡಬಹುದಾದ ಹಣವೊಂದು ಲಕ್ಷಾಂತರ ಹೆಂಗಸರ ಕೈಗೆ ಜೀವನದಲ್ಲಿ ಮೊದಲ ಸಲ ಬಂದ ದಿನ ಅದು. ಅದನ್ನು ಕಾಣಲು ರಾತ್‌ಬೋನ್ ಇರಲಿಲ್ಲ. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡಿದ್ದರು.

ನಮ್ಮ ನೆಲದ ಒಂದು ಎಳೆ ಇಲ್ಲಿ ಸೇರುತ್ತದೆ. ಇದೇ ರಾತ್‌ಬೋನ್ 1929ರಲ್ಲಿ ಭಾರತೀಯ ಮಹಿಳೆಯರ ಸ್ಥಿತಿಗತಿಯ ಬಗ್ಗೆ ಲಂಡನ್ನಿನ ಕ್ಯಾಕ್ಸ್‌ಟನ್ ಹಾಲಿನಲ್ಲಿ ಸಮ್ಮೇಳನ ಕರೆದರು. ಭಾರತದ ಸಾಮಾಜಿಕ ಸುಧಾರಣೆಯ ಹೊಣೆ ಬ್ರಿಟಿಷ್ ಮಹಿಳೆಯರದ್ದು ಎಂಬ ಧಾಟಿಯಲ್ಲಿ ಚರ್ಚೆ ಸಾಗಿದಾಗ ಸಭೆಯಲ್ಲಿ ಎದ್ದು ನಿಂತು ಅದನ್ನು ವಿರೋಧಿಸಿದವರು ಧನ್ವಂತಿ ರಾಮರಾವ್. ಹುಬ್ಬಳ್ಳಿಯಲ್ಲಿ ಬೆಳೆದ, ಕನ್ನಡ ಬಲ್ಲ ಈ ಕಾಶ್ಮೀರಿ ಪಂಡಿತ ಮನೆತನದ ಹೆಣ್ಣುಮಗಳು ಮುಂದೆ 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದರು. ತನ್ನ ದೇಶದ ತಾಯಂದಿರ ಸ್ವಾಭಿಮಾನಕ್ಕಾಗಿ ಅಷ್ಟು ಹೋರಾಡಿದ ರಾತ್‌ಬೋನ್‌ಗೆ ಬೇರೆ ದೇಶದ ಹೆಂಗಸರು ತಮ್ಮ ಮನೆಯ ವಿಷಯವನ್ನು ತಾವೇ ನೋಡಿಕೊಳ್ಳಬಲ್ಲರು ಎಂಬುದು ಸುಲಭವಾಗಿ ಮನವರಿಕೆಯಾಗಲಿಲ್ಲ. ಅವರ ದೊಡ್ಡತನವನ್ನು ಒಪ್ಪುತ್ತಲೇ ಈ ಮಿತಿಯನ್ನೂ ಹೇಳಬೇಕು, ಏಕೆಂದರೆ ಅದು ಅವರೊಬ್ಬರ ಮಿತಿಯಾಗಿರಲಿಲ್ಲ.

ಇನ್ನು ಮನೆಗಳ ವಿಷಯ. ಬಾಂಬ್ ದಾಳಿಯಿಂದ ಲಕ್ಷಗಟ್ಟಲೆ ಮನೆಗಳು ನೆಲಸಮವಾಗಿದ್ದವು. 1946ರ ಬೇಸಿಗೆಯಲ್ಲಿ ನೆಲೆಯಿಲ್ಲದ ಸಾವಿರಾರು ಸಂಸಾರಗಳು ಖಾಲಿ ಬಿದ್ದಿದ್ದ ಸೈನಿಕ ಶಿಬಿರಗಳಿಗೆ ನುಗ್ಗಿ ಒಲೆ ಹೂಡಿದವು. 1945ರಿಂದ 1949ರ ನಡುವೆ ಸರಕಾರ ಒಂದೂವರೆ ಲಕ್ಷಕ್ಕೂ ಹೆಚ್ಚು ಪ್ರಿಫ್ಯಾಬ್ ಮನೆಗಳನ್ನು ನಿಲ್ಲಿಸಿತು. ಕಾರ್ಖಾನೆಯಲ್ಲಿ ಭಾಗಭಾಗವಾಗಿ ತಯಾರಾಗಿ ಲಾರಿಯಲ್ಲಿ ಬಂದು, ಬೆರಳೆಣಿಕೆಯ ದಿನಗಳಲ್ಲಿ ಎದ್ದು ನಿಲ್ಲುತ್ತಿದ್ದ ಈ ಪುಟ್ಟ ಒಂದಂತಸ್ತಿನ ಮನೆಗಳಲ್ಲಿ ಎರಡು ಮಲಗುವ ಕೋಣೆ, ಒಳಗೇ ಶೌಚಾಲಯ, ಬಿಸಿನೀರಿನ ಸ್ನಾನದ ತೊಟ್ಟಿ, ಅಡುಗೆಮನೆಯ ಗೋಡೆಗೆ ಹೊಂದಿಕೊಂಡ ಫ್ರಿಜ್, ಸುತ್ತ ಒಂದಿಷ್ಟು ಹಿತ್ತಿಲು ಇದ್ದವು. ಆಗ ಬ್ರಿಟನ್ನಿನ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರಗಳಿಗೆ ಮನೆಯಲ್ಲಿ ಸ್ನಾನದ ತೊಟ್ಟಿಯೇ ಇರಲಿಲ್ಲ ಎಂಬುದನ್ನು ನೆನೆದರೆ ಈ ವೈಭವದ ಅರ್ಥ ತಿಳಿಯುತ್ತದೆ. ಹತ್ತು ವರ್ಷಕ್ಕೆಂದು ಕಟ್ಟಿದ ಎಷ್ಟೋ ಪ್ರಿಫ್ಯಾಬ್‌ಗಳಲ್ಲಿ ಜನ ಅರ್ಧ ಶತಮಾನ ಬಾಳಿದರು. ಕೆಡವಲು ಬಂದಾಗ ಬಿಟ್ಟುಕೊಡಲು ಒಪ್ಪಲಿಲ್ಲ.

ಅದರ ಬೆನ್ನಿಗೆ 1946ರ ಹೊಸ ಪಟ್ಟಣಗಳ ಕಾಯಿದೆ ಬಂತು. ಸ್ಟೀವನೇಜ್, ಹಾರ್ಲೋ ಮೊದಲಾದ ಊರುಗಳು ಹುಟ್ಟಿದವು, ಲಂಡನ್ನಿನ ಹೊರವಲಯದಲ್ಲಿ ಪೌರಸಂಸ್ಥೆಯ ಬಡಾವಣೆಗಳು ಬೆಳೆದವು. ಗಂಡ, ಹೆಂಡತಿ, ಎರಡು ಮೂರು ಮಕ್ಕಳು, ಮುಂದೆ ಹೂದೋಟ: ಯೋಜಕರ ಮನಸ್ಸಿನಲ್ಲಿದ್ದ ಬ್ರಿಟಿಷ್ ಕುಟುಂಬ ಇಷ್ಟೇ. ಆದರೆ 1950ರ ದಶಕದಲ್ಲಿ ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಮನೆಮನೆಗೆ ಹೋಗಿ ಅಧ್ಯಯನ ನಡೆಸಿದ ಮೈಕೇಲ್ ಯಂಗ್ ಮತ್ತು ಪೀಟರ್ ವಿಲ್‌ಮಟ್ ಕಂಡದ್ದು ಬೇರೆಯೇ ಲೋಕ. ಅಲ್ಲಿ ಮದುವೆಯಾದ ಮಗಳ ತವರು ಎರಡು ಬೀದಿಯಾಚೆಗಿತ್ತು. ಎಷ್ಟೋ ಹೆಣ್ಣುಮಕ್ಕಳು ದಿನವೂ ಎಂಬಂತೆ ತಾಯಿಯನ್ನು ಕಾಣುತ್ತಿದ್ದರು. ಬಾಡಿಗೆ ಮನೆ ಖಾಲಿಯಾದರೆ ಮನೆ ಮಾಲೀಕನ ಬಳಿ ಮಗಳ ಪರವಾಗಿ ಮಾತಾಡುವವಳು, ಬಾಣಂತನ ಮಾಡುವವಳು, ಮೊಮ್ಮಕ್ಕಳನ್ನು ನೋಡಿಕೊಳ್ಳುವವಳು ತಾಯಿಯೇ. ಹೊಸ ಬಡಾವಣೆಗೆ ಹೋದವರಿಗೆ ಸ್ನಾನದ ಮನೆ ಸಿಕ್ಕಿತು, ಮಕ್ಕಳಿಗೆ ಒಳ್ಳೆಯ ಗಾಳಿ ಸಿಕ್ಕಿತು, ತಾಯಿ ಮಾತ್ರ ದೂರವಾದಳು. ಹಾಗೆ ಹೋದ ಹೆಂಗಸರ ಒಂಟಿತನವನ್ನು ಆ ಅಧ್ಯಯನ ಸಹಾನುಭೂತಿಯಿಂದ ದಾಖಲಿಸಿತು. ಬ್ರಿಟಿಷ್ ಕುಟುಂಬವೆಂದು ಯಾವುದನ್ನು ಉಳಿಸಲು ಸರಕಾರ ಹೊರಟಿತ್ತೋ ಅದರ ಒಂದು ಜೀವಂತ ರೂಪವನ್ನೇ ಅದು ಚದುರಿಸಿತು ಎಂದು ನಾನು ಭಾವಿಸುತ್ತೇನೆ.

ಪಡಿತರದ ಬಗ್ಗೆ ಹೆಚ್ಚು ವಿಸ್ತರಿಸುವುದಿಲ್ಲ. ಯುದ್ಧದ ಉದ್ದಕ್ಕೂ ಪಡಿತರಕ್ಕೆ ಒಳಪಡದಿದ್ದ ಬ್ರೆಡ್ಡು ಗೆದ್ದ ಮೇಲೆ, 1946ರ ಜುಲೈಯಲ್ಲಿ, ಪಡಿತರಕ್ಕೆ ಬಂತು. ಮಾಂಸ ಮುಕ್ತವಾದದ್ದು 1954ರಲ್ಲಿ. ಅದೇ ವರ್ಷಗಳಲ್ಲಿ ಕೈಮಕ್ಕಳಿಗೆ ಕಿತ್ತಳೆ ರಸ, ಕಾಡ್ ಮೀನಿನ ಎಣ್ಣೆ, ಶಾಲಾ ಮಕ್ಕಳಿಗೆ ದಿನಕ್ಕೆ ಮೂರನೇ ಒಂದು ಪೈಂಟ್ ಹಾಲು ಸರಕಾರದಿಂದ ಸಿಗುತ್ತಿತ್ತು. 1948ರ ಜುಲೈ 5ರಿಂದ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಒಬ್ಬರಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗಬೇಕು ಎಂಬ ನ್ಯಾಯಪ್ರಜ್ಞೆ ಅಂದಿನ ಬ್ರಿಟಿಷರ ಸ್ವಚಿತ್ರದ ದೊಡ್ಡ ಭಾಗ. ಆ ಹೆಮ್ಮೆ ನ್ಯಾಯವಾದದ್ದೇ.

1953ರ ಜೂನ್ 2ರಂದು ನಡೆದ ರಾಣಿ ಎಲಿಜಬೆತ್ ಅವರ ಪಟ್ಟಾಭಿಷೇಕ ಆ ಸ್ವಚಿತ್ರದ ಉತ್ಸವ. ದೇಶದಲ್ಲಿ ಟಿವಿ ಇದ್ದ ಮನೆಗಳು ಇನ್ನೂ ಕಡಿಮೆ. ಆದರೂ ಸುಮಾರು ಎರಡು ಕೋಟಿ ಜನ ಅದನ್ನು ಟಿವಿಯಲ್ಲಿ ನೋಡಿದರು. ಅಂದರೆ ನೆರೆಹೊರೆಯವರು ಒಬ್ಬರ ನಡುಮನೆಯಲ್ಲಿ ಕಿಟಕಿಯ ಪರದೆ ಎಳೆದು, ಕುರ್ಚಿ ಸಾಲದೆ ಮಕ್ಕಳನ್ನು ನೆಲದ ಮೇಲೆ ಕೂರಿಸಿ, ಸ್ಯಾಂಡ್‌ವಿಚ್ ಹಂಚಿಕೊಂಡು, ಮಂದ ಬೆಳಕಿನ ಸಣ್ಣ ಪರದೆಯನ್ನು ಗಂಟೆಗಟ್ಟಲೆ ದಿಟ್ಟಿಸಿದರು. ಆ ಬೆಳಿಗ್ಗೆಯ ಪತ್ರಿಕೆಯಲ್ಲಿ ಎವರೆಸ್ಟ್ ಏರಿದ ಸುದ್ದಿಯೂ ಬಂದಿತ್ತು. ಏರಿದವರಲ್ಲಿ ಒಬ್ಬರು ನ್ಯೂಜಿಲೆಂಡಿನವರು, ಇನ್ನೊಬ್ಬರು ಶೆರ್ಪಾ, ಹೆಮ್ಮೆ ಮಾತ್ರ ಬ್ರಿಟನ್ನಿನದ್ದು. ಬೆತ್ನಲ್ ಗ್ರೀನ್ ಅಧ್ಯಯನದ ಮೈಕೇಲ್ ಯಂಗ್ ಅವರೇ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವರ್ಡ್ ಶಿಲ್ಸ್ ಜೊತೆ ಸೇರಿ, ಆ ದಿನ ಜನ ಸಂಸಾರ ಸಂಸಾರವಾಗಿ ಹಬ್ಬ ಆಚರಿಸಿದ್ದನ್ನೂ ಇಡೀ ರಾಷ್ಟ್ರ ಒಂದು ಕುಟುಂಬವೆಂಬಂತೆ ಭಾವಿಸಿದ್ದನ್ನೂ ಕುರಿತು ಬರೆದರು. ಸಮಾರಂಭಕ್ಕೆ ನೆಹರೂ ಕೂಡ ಹೋಗಿದ್ದರು. ಗಣರಾಜ್ಯವಾದ ಭಾರತವೂ ಕಾಮನ್‌ವೆಲ್ತ್ ಕುಟುಂಬದ ಸದಸ್ಯ.

ಆದರೆ ಕುಟುಂಬಕ್ಕೆ ಸದಸ್ಯರನ್ನು ಎಣಿಸುವ ಬೇರೊಂದು ಪಟ್ಟಿ ಕಡತಗಳಲ್ಲಿ ತಯಾರಾಗುತ್ತಿತ್ತು. ಜನಸಂಖ್ಯೆ ಕುಸಿಯುವ ಭಯದಿಂದ 1944ರಲ್ಲಿ ನೇಮಿಸಿದ ರಾಯಲ್ ಕಮಿಷನ್ 1949ರಲ್ಲಿ ವರದಿ ಕೊಟ್ಟಿತು. ಹೊರಗಿನಿಂದ ಬರುವವರು ಒಳ್ಳೆಯ ತಳಿಯ ಮನುಷ್ಯರಾಗಿದ್ದು, ಇಲ್ಲಿನವರೊಡನೆ ಮದುವೆಯಾಗಿ ಬೆರೆತುಹೋಗಲು ಅವರ ಧರ್ಮ ಅಥವಾ ಜನಾಂಗ ಅಡ್ಡಿಯಾಗದಿದ್ದರೆ ಮಾತ್ರ ಅವರನ್ನು ಸಂಕೋಚವಿಲ್ಲದೆ ಸ್ವಾಗತಿಸಬಹುದು ಎಂಬ ಅರ್ಥದ ಮಾತು ಆ ವರದಿಯಲ್ಲಿದೆ. ಅದೇ ಕಾಲದಲ್ಲಿ, ಕಾರ್ಮಿಕರ ಕೊರತೆ ನೀಗಲು ಬಾಲ್ಟಿಕ್ ದೇಶಗಳ ನಿರಾಶ್ರಿತರನ್ನೂ ಪೋಲಿಷ್ ಸೈನಿಕರನ್ನೂ ಸರಕಾರ ತಾನೇ ಮುಂದಾಗಿ ನೆಲೆಗೊಳಿಸಿತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಬ್ರಿಟನ್ನಿನ ಅನಾಥಾಲಯಗಳಿಂದ ಯುದ್ಧದ ನಂತರ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಬ್ಬಂಟಿಯಾಗಿ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಕಳಿಸಲಾಯಿತು. ವಸಾಹತು ನೆಲದಲ್ಲಿ ಬಿಳಿಯ ಬ್ರಿಟಿಷ್ ಸಂತತಿ ಬೆಳೆಯಲಿ ಎಂಬುದು ಉದ್ದೇಶ. ಅವರಲ್ಲಿ ಹಲವರಿಗೆ ತಂದೆತಾಯಿ ಸತ್ತಿದ್ದಾರೆ ಎಂದು ಸುಳ್ಳು ಹೇಳಲಾಗಿತ್ತು. ಎಷ್ಟೋ ಮಕ್ಕಳು ಅಲ್ಲಿ ದುಡಿಮೆಗೂ ಹಿಂಸೆಗೂ ಗುರಿಯಾದರು. 2010ರಲ್ಲಿ ಪ್ರಧಾನಿ ಗಾರ್ಡನ್ ಬ್ರೌನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ತಾಯಿಯನ್ನು ರಾಷ್ಟ್ರದ ಆಧಾರವೆಂದು ಹಾಡಿಹೊಗಳಿದ ಕಾಲದಲ್ಲೇ, ಬಡವಳೂ ಅವಿವಾಹಿತೆಯೂ ಆದ ತಾಯಿಯಿಂದ ಮಗುವನ್ನು ಜನಾಂಗದ ಹೆಸರಿನಲ್ಲಿ ಕಿತ್ತುಕೊಳ್ಳಬಹುದಾಗಿತ್ತು ಎಂಬುದನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ.

ಎಂಪೈರ್ ವಿಂಡ್‌ರಶ್ ಹಡಗು 1948ರ ಜೂನ್ 22ರಂದು ಟಿಲ್ಬರಿ ಬಂದರಿನಲ್ಲಿ ಪ್ರಯಾಣಿಕರನ್ನು ಇಳಿಸಿದಾಗ ಅದರಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದ ಎಂಟುನೂರಕ್ಕೂ ಹೆಚ್ಚು ಜನರಿದ್ದರು. ಅವರು ಬ್ರಿಟಿಷ್ ಪ್ರಜೆಗಳು. ಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ದುಡಿದವರೂ ಇದ್ದರು. ಅದೇ ವರ್ಷ ಅಂಗೀಕಾರವಾದ ರಾಷ್ಟ್ರೀಯತಾ ಕಾಯಿದೆ ಬ್ರಿಟನ್ನಿನವರಿಗೂ ವಸಾಹತಿನವರಿಗೂ ಒಂದೇ ಪೌರತ್ವ ಕೊಟ್ಟಿತು. ಆದರೂ ಹಡಗು ಬಂದ ದಿನವೇ ಆಡಳಿತ ಪಕ್ಷದ ಹನ್ನೊಂದು ಸಂಸದರು ಪ್ರಧಾನಿ ಆಟ್ಲೀಗೆ ಪತ್ರ ಬರೆದು, ಇಂಥ ವಲಸೆಯಿಂದ ದೇಶದ ಸಾಮರಸ್ಯ ಕೆಡುತ್ತದೆ ಎಂದು ಆತಂಕ ತೋಡಿಕೊಂಡರು.

ಬಂದವರು ಸಂಸಾರ ಹೂಡಿದ ಬಗೆ ಗಮನಾರ್ಹ. ಪೌರಸಂಸ್ಥೆಯ ಮನೆಗೆ ಅರ್ಜಿ ಹಾಕಲು ಅದೇ ಊರಿನಲ್ಲಿ ಹಲವು ವರ್ಷ ವಾಸವಿರಬೇಕು ಎಂಬ ನಿಯಮ ಎಷ್ಟೋ ಕಡೆ ಇತ್ತು. ಖಾಸಗಿ ಮನೆಗಳ ಬಾಗಿಲಲ್ಲಿ ಕರಿಯರಿಗೆ ಕೊಡುವುದಿಲ್ಲ ಎಂಬ ಚೀಟಿ. ಬ್ಯಾಂಕಿನ ಸಾಲ ದುರ್ಲಭ. ಒಂದೇ ಕೋಣೆಯಲ್ಲಿ ಸೀಮೆಎಣ್ಣೆ ಹೀಟರ್, ಹಾಸಿಗೆ, ತೊಟ್ಟಿಲು. ಮೆಟ್ಟಿಲ ಬಳಿ ಎಲ್ಲರಿಗೂ ಸೇರಿ ಒಂದೇ ಒಲೆ. ಜಮೈಕಾದವರು ಊರಿನಿಂದ ತಂದ ಪಾರ್ಡ್‌ನರ್ ಪದ್ಧತಿ ಆಗ ಕೈಹಿಡಿಯಿತು. ನಮ್ಮಲ್ಲಿ ಚೀಟಿ ಹಾಕುವಂತೆಯೇ ವಾರವಾರ ಎಲ್ಲರೂ ಹಣ ಸೇರಿಸಿ, ಸರದಿಯಂತೆ ಒಬ್ಬೊಬ್ಬರಿಗೆ ಇಡಿಗಂಟು ಕೊಡುವ ಈ ನಂಬಿಕೆಯ ವ್ಯವಹಾರದಿಂದ ಹಲವರು ಮನೆಯ ಮುಂಗಡ ಕಟ್ಟಿದರು. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬಂದು, ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿದ ತಾಯಂದಿರು ಎಷ್ಟೋ ಮಂದಿ. ತಾಯಿಯಿಂದ ಅಗಲಿದ ಮಗುವಿನ ಮನಸ್ಸಿಗೆ ಆಗುವ ಹಾನಿಯ ಬಗ್ಗೆ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿ ಅಂದು ಬ್ರಿಟನ್ನಿನಲ್ಲಿ ಮನೆಮಾತಾಗಿತ್ತು. ಯುದ್ಧಕಾಲದ ಶಿಶುವಿಹಾರಗಳು ಮುಚ್ಚುತ್ತಿದ್ದವು. ಬಾರ್ಬಡೋಸಿನ ನರ್ಸಿನ ಮಗುವಿನ ಬಗ್ಗೆ ಆ ಚಿಂತೆಯನ್ನು ಸರಕಾರ ಹಚ್ಚಿಕೊಂಡ ಕುರುಹು ಕಾಣುವುದಿಲ್ಲ. ಅವಳು ಬೇಕಾಗಿದ್ದದ್ದು ಕೈಗಳಾಗಿ.

1958ರ ಆಗಸ್ಟಿನಲ್ಲಿ ನಾಟಿಂಗ್ ಹಿಲ್‌ನಲ್ಲಿ ಗಲಭೆ ಭುಗಿಲೆದ್ದದ್ದು ಜಮೈಕಾದವನನ್ನು ಮದುವೆಯಾಗಿದ್ದ ಸ್ವೀಡನ್ನಿನ ಹೆಣ್ಣುಮಗಳೊಬ್ಬಳ ಮೇಲೆ ಬಿಳಿಯ ಯುವಕರ ಗುಂಪು ಎರಗಿದ ಪ್ರಸಂಗದ ಆಸುಪಾಸಿನಲ್ಲಿ. ರಾಷ್ಟ್ರದ ಗಡಿಯನ್ನು ಜನ ಮಲಗುವ ಕೋಣೆಯವರೆಗೂ ಎಳೆದಿದ್ದರು. 1962ರ ವಲಸೆ ಕಾಯಿದೆ ಕಾಮನ್‌ವೆಲ್ತ್ ಪ್ರಜೆಗಳ ಮುಕ್ತ ಪ್ರವೇಶವನ್ನು ಕೊನೆಗೊಳಿಸಿತು, ಆದರೆ ನೆಲೆಸಿದವರ ಹೆಂಡತಿ ಮಕ್ಕಳಿಗೆ ವಿನಾಯಿತಿ ಉಳಿಸಿತು. ಇದರ ಪರಿಣಾಮವನ್ನು ಕಾಯಿದೆ ಬರೆದವರು ಊಹಿಸಿರಲಿಲ್ಲ. ಅಲ್ಲಿಯವರೆಗೆ ಜಲಂಧರ್, ಹೋಶಿಯಾರ್‌ಪುರ್, ಮೀರ್‌ಪುರಗಳಿಂದ ಸೌತಾಲ್, ಬ್ರಾಡ್‌ಫರ್ಡ್‌ಗಳಿಗೆ ಬಂದ ಗಂಡಸರು ಹಗಲು ಪಾಳಿಯವನ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗುತ್ತ, ಕೆಲ ವರ್ಷ ದುಡಿದು, ಊರಿಗೆ ಮರಳಿ ತಮ್ಮನನ್ನೋ ದಾಯಾದಿಯನ್ನೋ ಕಳಿಸುತ್ತಿದ್ದರು. ಹೋದರೆ ಮತ್ತೆ ಬರಲಾಗದು ಎಂದಾದಾಗ ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ಬ್ರಿಟನ್ನಿನ ದಕ್ಷಿಣ ಏಷ್ಯಾ ಸಂಸಾರಗಳು ಬೇರೂರಿದ್ದರಲ್ಲಿ ಅವರನ್ನು ತಡೆಯಲು ಬಂದ ಕಾನೂನಿನ ಪಾಲು ದೊಡ್ಡದು.

1968ರಲ್ಲಿ ಕೀನ್ಯಾದ ಏಷ್ಯನ್ನರು ತಮ್ಮ ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದು ಬರತೊಡಗಿದಾಗ ಸಂಸತ್ತು ಮೂರೇ ದಿನಗಳಲ್ಲಿ ಹೊಸ ಕಾಯಿದೆ ಮಾಡಿತು: ಪಾಸ್‌ಪೋರ್ಟ್ ಸಾಲದು, ತಂದೆತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು ಅಥವಾ ಅಲ್ಲಿಯೇ ಪೌರತ್ವ ಪಡೆದಿರಬೇಕು. 1971ರ ಕಾಯಿದೆ ರಕ್ತಸಂಬಂಧದ ಈ ತತ್ತ್ವವನ್ನು ಪೂರ್ಣವಾಗಿ ನೆಲೆಗೊಳಿಸಿತು. ಇದರ ಮುನ್ನೋಟವನ್ನು 1947ರ ನಂತರವೇ ಬೆಂಗಳೂರಿನ ದಂಡುಪ್ರದೇಶ, ವೈಟ್‌ಫೀಲ್ಡ್, ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳು ಕಂಡಿದ್ದವು. ಇಂಗ್ಲೆಂಡಿಗೆ ಹೋಗಬಯಸಿದವರು ತಂದೆಯ ಕಡೆಯ ಅಜ್ಜ ಬ್ರಿಟನ್ನಿನಲ್ಲಿ ಹುಟ್ಟಿದವನೆಂದು ತೋರಿಸುವ ಕಾಗದಕ್ಕಾಗಿ ಚರ್ಚಿನ ದೀಕ್ಷಾಸ್ನಾನದ, ಮದುವೆಯ ದಾಖಲೆಗಳನ್ನು ಹುಡುಕಬೇಕಾಗಿತ್ತು. ಇಂಗ್ಲಿಷ್ ಮನೆಮಾತು, ಭಾನುವಾರದ ರೋಸ್ಟ್, ರೈಲ್ವೆಯ ನೌಕರಿ ಯಾವುದೂ ಆ ಕಾಗದಕ್ಕೆ ಸಮನಾಗಲಿಲ್ಲ.

1960ರ ದಶಕದಲ್ಲಿ ಬಹುಸಂಖ್ಯಾತ ಬ್ರಿಟಿಷರ ಕುಟುಂಬ ಸಡಿಲವಾಗುತ್ತಿತ್ತು: 1967ರ ಗರ್ಭಪಾತ ಕಾಯಿದೆ, 1969ರ ವಿಚ್ಛೇದನ ಸುಧಾರಣೆ, ಮದುವೆಯಾದ ಮೇಲೂ ನೌಕರಿ ಮಾಡುವ ಹೆಂಗಸರು. ವಲಸೆ ಅಧಿಕಾರಿಯ ಮೇಜಿನ ಮೇಲೆ ಮಾತ್ರ ಬೆವರಿಜ್ ಕಾಲದ ಸಂಸಾರವೇ ಉಳಿದಿತ್ತು; ದುಡಿಯುವ ಗಂಡ ಆಶ್ರಿತ ಹೆಂಡತಿಯನ್ನು ಕರೆಸಿಕೊಳ್ಳಬಹುದು, ದುಡಿಯುವ ಹೆಂಡತಿ ಗಂಡನನ್ನು ಕರೆಸಿಕೊಳ್ಳುವುದು ಕಷ್ಟ. 1979ರ ಜನವರಿಯಲ್ಲಿ ಮದುವೆಯಾಗಲೆಂದು ಬಂದ ಭಾರತೀಯ ಶಿಕ್ಷಕಿಯೊಬ್ಬರನ್ನು ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ದು ಬಯಲಾಯಿತು. 1985ರಲ್ಲಿ ಡಿಎನ್‌ಎ ಬೆರಳಚ್ಚು ವಿಧಾನ ಮೊದಲ ಬಾರಿಗೆ ಬಳಕೆಯಾದದ್ದು ಘಾನಾದಿಂದ ಮರಳಿ ಬಂದ ಹುಡುಗನೊಬ್ಬ ತನ್ನ ತಾಯಿಯ ಮಗನೇ ಎಂದು ವಲಸೆ ಇಲಾಖೆಗೆ ಸಾಬೀತುಪಡಿಸಲು. ಅದೇ ವರ್ಷದ ಮೇ ತಿಂಗಳಲ್ಲಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, ಬ್ರಿಟನ್ನಿನಲ್ಲಿ ನೆಲೆಸಿದ ಮೂವರು ಮಹಿಳೆಯರ ದೂರನ್ನು ಆಲಿಸಿ, ಗಂಡಂದಿರನ್ನು ಕರೆಸಿಕೊಳ್ಳಲು ಹೆಂಗಸರಿಗೆ ಮಾತ್ರ ಹೆಚ್ಚಿನ ಅಡ್ಡಿಯೊಡ್ಡುವುದು ಲಿಂಗ ತಾರತಮ್ಯ ಎಂದು ತೀರ್ಪಿತ್ತಿತು. ಸರಕಾರ ತೀರ್ಪಿಗೆ ತಲೆಬಾಗಿ ನಿಯಮವನ್ನು ತಿದ್ದಿತು. ಹೆಂಗಸರಿಗಿದ್ದ ಅಡ್ಡಿಯನ್ನು ತೆಗೆಯುವ ಬದಲು ಅದನ್ನೇ ಗಂಡಸರಿಗೂ ವಿಸ್ತರಿಸಿತು.